ಆರ್ಗಾನ್ ಹಾಯಿಸಿದ ಹೊತ್ತು

"ಆರ್ಗಾನ್ ಹಾಯಿಸಿದ್ದು ಎಷ್ಟು ಹೊತ್ತಿಗೆ ಸಾರ್?" ಎಂದು ವೀಣಾ ಕೇಳಿದಾಗ ನಾಗಾರ್ಜುನನ ಅರ್ಧ ಮುಖಕ್ಕೆ ಸೋಪಿತ್ತು. ಫೋನನ್ನು ಸೋಪಿಲ್ಲದ ಕಿವಿಗೆ ಹಿಡಿದಿದ್ದ.

"ಯಾವ ಆರ್ಗಾನ್?" ಎಂದ.

ಯಾವುದೆಂದು ಅವನಿಗೆ ಗೊತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ, ಈ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆಂದು ಹೆದರಿಕೊಂಡು ಕಾದಿದ್ದ. ಯಾರೂ ಕೇಳಲಿಲ್ಲ. ಬದಲಿಗೆ ಡಾಕ್ಟರೇಟ್ ಕೊಟ್ಟರು. ಆಮೇಲೆ ಹೆದರುವ ಅಭ್ಯಾಸ ತಪ್ಪಿಹೋಗಿತ್ತು.

"ನಿಮ್ಮ ಥೀಸಿಸ್‌ನ ಏಳನೇ ಸ್ಯಾಂಪಲ್ ಸಾರ್. ಯುರೇನಿಯಂ ನೈಟ್ರೈಡ್. ಕುಲುಮೆ ಸಾವಿರದ ನಾನೂರು ಡಿಗ್ರಿಯಲ್ಲಿದ್ದಾಗ ನೈಟ್ರೋಜನ್ ನಿಲ್ಲಿಸಿ ಆರ್ಗಾನ್ ಹಾಯಿಸಿದ್ದು ಅಂತ ಲಾಗ್‌ಬುಕ್‌ನಲ್ಲಿದೆ. ನಿಮ್ಮದೇ ಅಕ್ಷರ."

"ಹಾಗಿದ್ದರೆ ಹಾಗೇ ಇರಬೇಕು."

"ಹಾಗೇ ಮಾಡಿದರೆ ನಿಮಗೆ ಬಂದ ಹಾಗೆ ನನಗೆ ಬರ್ತಾ ಇಲ್ಲ ಸಾರ್. ನಾಲ್ಕು ವರ್ಷದಿಂದ ಮಾಡ್ತಾ ಇದ್ದೀನಿ. ಇಪ್ಪತ್ತಾರು ಸಲ."

ವೀಣಾಳನ್ನು ಅವನು ನೋಡಿದ್ದಿಲ್ಲ. ಸಮುದ್ರದ ಪಕ್ಕದಲ್ಲಿ ಅವನು ಬಿಟ್ಟುಬಂದ ಲ್ಯಾಬಿನಲ್ಲಿ, ಬಹುಶಃ ಅವನು ಕೂರುತ್ತಿದ್ದ ಕುರ್ಚಿಯಲ್ಲಿಯೇ, ಅವನ ಕೆಲಸವನ್ನೇ ಮುಂದುವರಿಸುತ್ತಿದ್ದ ಸಂಶೋಧಕಿ. ಮೂರು ಮೇಲ್ ಬರೆದಿದ್ದಳು. ಮೂರಕ್ಕೂ ಅವನು 'ಆಲ್ ದಿ ಬೆಸ್ಟ್' ಎಂದು ಉತ್ತರಿಸಿದ್ದ.

"ಇವತ್ತು ನಾಲ್ಕು ಗಂಟೆಗೆ ಕಮಿಟಿ ಕೂರ್ತದೆ ಸಾರ್. ನನ್ನ ಗೈಡು, ನಿನ್ನ ಕೆಲಸವೇ ಶುದ್ಧ ಇಲ್ಲ ಅಂತಾರೆ. ನೀವು ಆರ್ಗಾನ್ ತಡವಾಗಿ ಹಾಯಿಸಿದ್ದರೆ ನಿಮಗೆ ಬಂದದ್ದೂ ಸರಿ, ನನಗೆ ಬರದೇ ಇದ್ದದ್ದೂ ಸರಿ. ಒಂದು ಸಾಲು ಬರೆದು ಕಳಿಸಿದರೆ ನಾನು ಉಳ್ಕೊಳ್ತೀನಿ."

"ನೋಡಿ ಹೇಳ್ತೀನಿ."

"ಎಲ್ಲಿ ನೋಡ್ತೀರಿ ಸಾರ್? ಲಾಗ್‌ಬುಕ್ ಇಲ್ಲಿ ನನ್ನ ಮುಂದೆ ಇದೆ."

ಸೋಪು ಒಣಗಿ ಕೆನ್ನೆ ಬಿಗಿಯುತ್ತಿತ್ತು. ಇವತ್ತು ಊರಿನಲ್ಲಿ ಒಂದು ಕಾರ್ಯ ಇದೆ, ಸಂಜೆ ಮಾತಾಡೋಣ ಎಂದ. ನಾಲ್ಕರೊಳಗೆ ಸಾರ್, ಎಂದಳು. ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ. ಅದು ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಯಾರು?" ಅಡುಗೆಮನೆಯಿಂದ ಸುಧಾ ಕೇಳಿದಳು.

"ಯಾರೋ ಹುಡುಗಿ. ಏನೋ ಡೌಟು."

"ಬೆಳಿಗ್ಗೆ ಏಳು ಗಂಟೆಗಾ?"

"ಪರೀಕ್ಷೆ ಇರಬೇಕು."

ಸುಧಾ ಮುಂದೆ ಕೇಳಲಿಲ್ಲ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಎರಡನೇ ಪ್ರಶ್ನೆಯ ನಂತರ ನಿಲ್ಲಿಸುವುದನ್ನು ಅವಳು ಕಲಿತಿದ್ದಳು. ತನ್ನ ಶಾಲೆಗೆ ಇನ್‌ಸ್ಪೆಕ್ಷನ್ ಇದೆ, ಬರಲಾಗುವುದಿಲ್ಲವೆಂದು ಅತ್ತೆಗೆ ಹೇಳಿಬಿಡಿ ಎಂದಳು. ಅವನು ಸರಿ ಎಂದು ಉಳಿದ ಅರ್ಧ ಗಡ್ಡ ಹೆರೆದುಕೊಂಡ.

ಮಡಿಕೇರಿಯಿಂದ ಸೋಮವಾರಪೇಟೆಯ ಬಸ್ಸು ಹತ್ತಿದಾಗ ಒಂಬತ್ತೂವರೆ. ಕಾಲೇಜಿಗೆ ರಜೆ ಬರೆದಿದ್ದ. ಅಪ್ಪನ ಸಮಾಧಿಯನ್ನು ಕಾಡುಹಂದಿಗಳು ಕೆದರುತ್ತಿವೆ ಎಂದು ಅಣ್ಣ ರೇವಣ್ಣ ಕಲ್ಲಿನಲ್ಲಿ ಗದ್ದುಗೆ ಕಟ್ಟಿಸುತ್ತಿದ್ದ. ಇವತ್ತು ಸೋಮವಾರ, ಕಲ್ಲಿನ ಕೊನೆಯ ಸಾಲು. ನೀನು ಬರಲೇಬೇಕು ಎಂದಿದ್ದ. ರೇವಣ್ಣ 'ಲೇಬೇಕು' ಎನ್ನುವವನಲ್ಲ.

ಕಿಟಕಿಯಾಚೆ ಹೋಂಸ್ಟೇ ಬೋರ್ಡುಗಳು ಸರಿಯುತ್ತಿದ್ದವು. ಒಂದು ಕಣದಲ್ಲಿ ಹರಡಿದ ಕಾಫಿಯ ನಡುವೆ ಕೂತು ಯಾರೋ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಣ ಕಾಯುವ ಹೆಂಗಸು ಕಾಫಿ ತುಳಿಯಬೇಡಿ ಎಂದು ಕೈಯಾಡಿಸುತ್ತಿದ್ದಳು. ಅವರು ಅವಳಿಗೂ ಕೈಬೀಸಿದರು.

ನೈಟ್ರೈಡ್ ಮಾಡುವುದು ಕಷ್ಟವಲ್ಲ. ಮಾಡಿದ್ದನ್ನು ತಣಿಸುವುದು ಕಷ್ಟ. ಇದನ್ನು ಅವನು ತರಗತಿಯಲ್ಲಿ ಹೇಳಿಲ್ಲ, ಸಿಲಬಸ್‌ನಲ್ಲಿ ಇಲ್ಲ. ಯುರೇನಿಯಂ ಆಕ್ಸೈಡಿನ ಪುಡಿಗೆ ಗ್ರಾಫೈಟ್ ಬೆರೆಸಿ, ಒತ್ತಿ ಬಿಲ್ಲೆ ಮಾಡಿ, ಕುಲುಮೆಯಲ್ಲಿಟ್ಟು ನೈಟ್ರೋಜನ್ ಹಾಯಿಸಬೇಕು. ಸಾವಿರದ ಐನೂರು ಡಿಗ್ರಿಯ ಮೇಲೆ ಇಂಗಾಲವು ಆಮ್ಲಜನಕವನ್ನು ಎಳೆದುಕೊಂಡು ಹೊರಟುಹೋಗುತ್ತದೆ. ಖಾಲಿಯಾದ ಜಾಗಕ್ಕೆ ನೈಟ್ರೋಜನ್ ಬಂದು ಕೂರುತ್ತದೆ. ಒಂದು ಲೋಹಕ್ಕೆ ಒಂದು ನೈಟ್ರೋಜನ್. ಬೆಂಕಿಯಲ್ಲಿರುವಷ್ಟು ಹೊತ್ತು ಅದಕ್ಕೆ ಅಷ್ಟೇ ಸಾಕು.

ತಣಿಯುವಾಗ ಆಸೆ ಹುಟ್ಟುತ್ತದೆ. ಸುತ್ತ ಇನ್ನೂ ನೈಟ್ರೋಜನ್ ಇದ್ದರೆ ಮತ್ತಷ್ಟು ಹೀರಿಕೊಂಡು, ಎರಡು ಲೋಹಕ್ಕೆ ಮೂರರಂತೆ ಬೇರೆಯದೇ ವಸ್ತುವಾಗುತ್ತದೆ. ಆದ್ದರಿಂದ ಬಿಸಿ ಇಳಿಯುವ ಮೊದಲೇ ನೈಟ್ರೋಜನ್ ನಿಲ್ಲಿಸಿ, ಯಾರ ಸಹವಾಸಕ್ಕೂ ಹೋಗದ ಆರ್ಗಾನನ್ನು ಹಾಯಿಸಬೇಕು. ಕುಲುಮೆ ತಾನಾಗಿ ತಣಿಯುತ್ತದೆ. ಆದರೆ ಆ ಲ್ಯಾಬಿನಲ್ಲಿ ಅನಿಲ ಬದಲಿಸುವ ತಿರುಪನ್ನು ಕೈಯಿಂದಲೇ ತಿರುಗಿಸಬೇಕಿತ್ತು.

ಅವನು ತಿರುಗಿಸಿದ್ದ. ಐವತ್ತು ನಿಮಿಷ ತಡವಾಗಿ.

"ಏನು ಮಾಷ್ಟ್ರೇ, ಬಾಂಬು ಎಲ್ಲಿಗೆ ಮುಟ್ಟಿತು?" ಮಾದಾಪುರದಲ್ಲಿ ಹತ್ತಿದ ಪೂವಯ್ಯ ಪಕ್ಕಕ್ಕೆ ಬಂದು ಕೂತರು. ಸೈನ್ಯದಿಂದ ನಿವೃತ್ತರಾಗಿ ತೋಟ ನೋಡಿಕೊಳ್ಳುವವರು. ಅಪ್ಪನ ಕಾಲದಿಂದ ಪರಿಚಯ.

"ಈಗ ಮಕ್ಕಳಿಗೆ ಪಾಠ ಹೇಳೋದು ಅಷ್ಟೇ ಸಾರ್."

"ಅದೂ ಬಾಂಬೇ." ಪೂವಯ್ಯ ಗಟ್ಟಿಯಾಗಿ ನಕ್ಕು, ಮುಂದಿನ ಸೀಟಿನವನ ಭುಜ ತಟ್ಟಿದರು. "ಇವರನ್ನು ಗೊತ್ತುಂಟಾ? ಅಪ್ಪ ಸತ್ತರೂ ಡ್ಯೂಟಿ ಬಿಡಲಿಲ್ಲ. ಕುಲುಮೆ ಉರೀತಾ ಉಂಟು, ಬಿಟ್ಟು ಬಂದರೆ ದೇಶದ ಸೊತ್ತು ಹಾಳು ಅಂತ ಅಲ್ಲೇ ನಿಂತರು. ನಮ್ಮಲ್ಲಾದರೆ ಇಂಥವರಿಗೆ ಮೆಡಲು ಕೊಡ್ತಾರೆ."

ಮುಂದಿನ ಸೀಟಿನವನು ತಿರುಗಿ ನೋಡಿ ಗೌರವದಿಂದ ತಲೆಯಾಡಿಸಿದ. ನಾಗಾರ್ಜುನನೂ ತಲೆಯಾಡಿಸಿದ. ಈ ಕಥೆ ಅವನದಲ್ಲ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಬೇರೆಯವರು ಹೇಳುವಾಗ ಅಲ್ಲಗಳೆದಿರಲಿಲ್ಲ, ಅಷ್ಟೇ. ಕೂತಲ್ಲೇ ಬೆಳೆಯುವ ಕಥೆಗೆ ನೀರು ಹೊಯ್ಯುವುದೂ ಬೇಕಾಗಿಲ್ಲ.

ಆ ದಿನ ಮಧ್ಯಾಹ್ನ ಆಫೀಸಿನ ಜವಾನ ಬಂದು ಕರೆದಿದ್ದ. ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕಾದ ಜಾಗ. ಮನೆಯವರು ಆಫೀಸಿನ ಫೋನಿಗೇ ಮಾಡಬೇಕು. ರೇವಣ್ಣನ ದನಿ ಬಹಳ ದೂರದಿಂದ ಬಂತು. "ಅಪ್ಪ ಹೋದ್ರು ಕಣೋ. ನಾಳೆ ಹನ್ನೊಂದಕ್ಕೆ ಮಣ್ಣು. ಹೊರಡು."

ಬರುತ್ತೇನೆ ಎಂದ. ಫೋನಿಟ್ಟ. ಕುಲುಮೆ ಇಳಿಯತೊಡಗಿದೆ, ತಿರುಪು ತಿರುಗಿಸಿ, ರಾತ್ರಿಯ ರೈಲು ಹಿಡಿಯಬೇಕು ಎಂದು ಸರಿಯಾಗಿಯೇ ಯೋಚಿಸಿದ. ನಂತರ ಕಾರಿಡಾರಿನ ಬೆಂಚಿನ ಮೇಲೆ ಕೂತ.

ಅಳಲಿಲ್ಲ. ಅಪ್ಪನನ್ನು ನೆನೆಯಲೂ ಇಲ್ಲ. ಎದುರಿಗೆ ಕ್ಯಾಂಟೀನಿನ ಆ ವಾರದ ತಿಂಡಿಪಟ್ಟಿ ಅಂಟಿಸಿದ್ದರು. ಸೋಮವಾರ ಪೊಂಗಲ್, ಮಂಗಳವಾರ ಇಡ್ಲಿ. ಅದನ್ನು ಓದಿದ. ಶನಿವಾರದವರೆಗೆ ಓದಿ ಮತ್ತೆ ಸೋಮವಾರದಿಂದ ಓದಿದ. ಎದ್ದಾಗ ಐವತ್ತು ನಿಮಿಷ ಕಳೆದಿತ್ತು. ಕುಲುಮೆ ಒಂಬೈನೂರಕ್ಕೆ ಇಳಿದಿತ್ತು. ಆರ್ಗಾನ್ ಹಾಯಿಸಿ, ಲಾಗ್‌ಬುಕ್‌ನಲ್ಲಿ ಸಾವಿರದ ನಾನೂರು ಎಂದು ಬರೆದ. 

ಊರಿಗೆ ಮಾತ್ರ ಆ ರಾತ್ರಿ ಹೊರಡಲಿಲ್ಲ. ಯಾಕೆ? ಕುಲುಮೆ ಪೂರ್ತಿ ತಣಿಯಲಿ ಎಂದುಕೊಂಡ. ಅದು ಹಾಳಾಗಿದೆ ಎಂದು ತಿಳಿದಿದ್ದ ಒಬ್ಬನೇ ಮನುಷ್ಯ ಅದನ್ನು ಬೆಳಗಿನ ತನಕ ಕಾದ. ಮೂರನೆಯ ದಿನ ಊರು ತಲುಪಿದಾಗ ಮಣ್ಣು ಆಗಿತ್ತು. ಹತ್ತು ಜನ ಬಾಯಿಗೆ ಬಂದಂತೆ ಆಡುವ ಮೊದಲೇ ಅವ್ವ ಜಗಲಿಯಲ್ಲಿ ನಿಂತು ಹೇಳಿದ್ದಳು: "ಒಲೆ ಮೇಲೆ ಇಟ್ಟದ್ದನ್ನ ಬಿಟ್ಟು ಬರೋಕಾಗ್ತದಾ? ಇವನು ಬಂದಿದ್ರೆ ಅದು ಕೆಟ್ಟೋಗ್ತಿತ್ತು."

ತಿಂಗಳ ನಂತರ ಆ ಬಿಲ್ಲೆಯ ಅರ್ಧವನ್ನು ಮತ್ತೆ ಕಾಯಿಸಿದಾಗ ಅದು ಹೀರಿಕೊಂಡಿದ್ದ ಹೆಚ್ಚುವರಿ ನೈಟ್ರೋಜನ್ನನ್ನು ಹೊರಬಿಟ್ಟಿತು. ಅವನ ಗೈಡು ಕುಣಿದಾಡಿದರು. ಶುದ್ಧ ನೈಟ್ರೈಡ್ ಇಷ್ಟು ಕಡಿಮೆ ಬಿಸಿಯಲ್ಲಿ ನೈಟ್ರೋಜನ್ ಬಿಡುತ್ತದೆಂದು ಯಾರಿಗೂ ತಿಳಿದಿರಲಿಲ್ಲ ಎಂದರು. ತಿಳಿಯಬೇಕಾದ ಕಾರಣವೂ ಇರಲಿಲ್ಲ, ಯಾಕೆಂದರೆ ಶುದ್ಧವಾದದ್ದು ಬಿಡುವುದಿಲ್ಲ. ನಾಗಾರ್ಜುನ ಉಳಿದರ್ಧದ ಮೇಲ್ಪದರವನ್ನು ಉಜ್ಜಿ ತೆಗೆದು, ಒಳಗಿನ ಚೂರನ್ನು ಮಾತ್ರ ಎಕ್ಸ್-ರೇಗೆ ಕಳಿಸಿದ. ಶುದ್ಧ ಎಂದು ಬಂತು. ಅದರ ಮೇಲೆ ಪ್ರಬಂಧ, ಅದರ ಮೇಲೆ ಡಾಕ್ಟರೇಟ್, ಅದರ ಮೇಲೆ ಮಡಿಕೇರಿಯ ಮೇಷ್ಟ್ರ ಕೆಲಸ, ಅದರ ಮೇಲೆ ಸುಧಾ. ಈಗ ಅದರ ಮೇಲೆ ವೀಣಾಳ ನಾಲ್ಕು ವರ್ಷ.

ಮನೆ ತಲುಪಿದಾಗ ಹನ್ನೊಂದೂವರೆ. ಅವ್ವ ವಿಶಾಲಾಕ್ಷಮ್ಮ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದಳು.

"ಸುಧಾ ಬರ್ಲಿಲ್ವಾ?"

"ಇನ್‌ಸ್ಪೆಕ್ಷನ್."

"ಸರಿ ಬಿಡು. ಕೆಲಸ ಅಂದ್ಮೇಲೆ ಕೆಲಸ." ಅವ್ವ ಅವನ ಮುಖ ನೋಡಿದಳು. "ಯಾಕೋ ಹಿಂಗಿದೀಯ? ಉಂಡಿಲ್ವಾ?"

"ತಿಂಡಿ ಆಯ್ತು."

"ಗದ್ದುಗೆ ನಿನ್ ಕೈಯಲ್ಲೇ ಮುಗೀಬೇಕು ಅಂತ ರೇವಣ್ಣಂಗೆ ಹೇಳಿದ್ದು ನಾನೇ. ಊರೋರ ಬಾಯಿ ಮುಚ್ಚಿಸಿದೆ, ಹದಿನಾಲ್ಕು ವರ್ಷ. ನನ್ ಒಳಗಿಂದು ಮುಚ್ಕಂಡಿಲ್ಲ. ಇವತ್ತು ಇದೊಂದು ಆದ್ರೆ ನಾನು ನಿರಾಳವಾಗಿ ಸಾಯ್ತೀನಿ."

ಅವ್ವನ ಬೆರಳುಗಳು ನಿಲ್ಲದೆ ಕಾಳು ಬಿಡಿಸುತ್ತಿದ್ದವು. ನಾಗಾರ್ಜುನನಿಗೆ ಅವಳ ಕಾಲ ಬಳಿ ಕೂತುಬಿಡಬೇಕೆನಿಸಿತು. ಕೂತರೆ ಯಾಕೆಂದು ಕೇಳುತ್ತಾಳೆ. ಒಳಗೆ ಹೋಗಿ ಕೈಕಾಲು ತೊಳೆದ, ವಿಭೂತಿ ಹಚ್ಚಿಕೊಂಡ, ಊಟ ಮಾಡಿದ. ಊಟ ಚೆನ್ನಾಗಿತ್ತು. ಎರಡನೇ ಸಲ ಅನ್ನ ಹಾಕಿಸಿಕೊಂಡದ್ದು ಅವನಿಗೇ ಅಸಹ್ಯವಾಯಿತು.

ಹಿತ್ತಿಲಲ್ಲಿ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನಿಂತು ಫೋನಿನಲ್ಲಿ ಬರೆದ: 'ಆರ್ಗಾನ್ ಹಾಯಿಸಿದ್ದು ತಡವಾಗಿ. ಕುಲುಮೆ ಒಂಬೈನೂರರಲ್ಲಿತ್ತು. ಲಾಗ್‌ಬುಕ್‌ನಲ್ಲಿರುವುದು ಸುಳ್ಳು.' ಓದಿದ. 'ಸುಳ್ಳು' ಎಂಬುದನ್ನು ಅಳಿಸಿ 'ತಪ್ಪು' ಎಂದು ಮಾಡಿದ. 'ಒಂಬೈನೂರು' ತೆಗೆದು 'ಬಹುಶಃ ಸ್ವಲ್ಪ ಕಡಿಮೆ' ಎಂದು ಮಾಡಿದ. ಇನ್ನೂ ಎರಡು ಸಲ ತಿದ್ದುವಷ್ಟರಲ್ಲಿ ಆ ಸಾಲಿನಲ್ಲಿ ಏನೂ ಉಳಿಯಲಿಲ್ಲ. ಸರ್ಕಾರಿ ಕಾಗದದ ಹಾಗೆ ಯಾರಿಗೂ ತಗುಲದಂತಿತ್ತು. ಕಳಿಸದೆ ಜೇಬಿಗಿಟ್ಟ.

ಮೂರು ಗಂಟೆಗೆ ಅಣ್ಣತಮ್ಮಂದಿರು ತೋಟದ ದಾರಿಯಲ್ಲಿ ಸಮಾಧಿಯ ಕಡೆ ಹೊರಟರು. ಅವ್ವನನ್ನು ಆಗಲೇ ಜೀಪಿನಲ್ಲಿ ಕಳಿಸಿಯಾಗಿತ್ತು. ರೇವಣ್ಣ ಮುಂದೆ, ಅವನು ಹಿಂದೆ. ರೇವಣ್ಣನ ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭವೆನಿಸಿತು.

"ಅಣ್ಣ."

"ಹೂಂ."

"ಅವತ್ತು ನಾನು ಕಾದೆನಲ್ಲ, ಆ ಕೆಲಸ. ಅದು ಕೆಟ್ಟೋಗಿತ್ತು."

ರೇವಣ್ಣ ನಡೆಯುತ್ತಲೇ ಇದ್ದ. "ಯಾವಾಗ ಗೊತ್ತಾಯ್ತು?"

"ಅವತ್ತೇ. ನೀನು ಫೋನ್ ಮಾಡಿ ಒಂದು ಗಂಟೆಯಲ್ಲಿ."

"ಮತ್ತೆ ಯಾಕ್ ಬರ್ಲಿಲ್ಲ?"

ಇದಕ್ಕೆ ಉತ್ತರ ಹುಡುಕುತ್ತ ನಾಗಾರ್ಜುನ ಹತ್ತು ಹೆಜ್ಜೆ ನಡೆದ.  "ಗೊತ್ತಿಲ್ಲ" ಎಂದ. ಅದು ನಿಜವಾಗಿತ್ತು. ನಿಜ ಇಷ್ಟು ಪೊಳ್ಳಾಗಿ ಕೇಳಿಸುತ್ತದೆಂದು ಅವನು ಎಣಿಸಿರಲಿಲ್ಲ.

ರೇವಣ್ಣ ಒಂದು ಗಿಡದ ಒಣಟೊಂಗೆ ಮುರಿದು ಪಕ್ಕಕ್ಕೆ ಎಸೆದ. "ಅವ್ವನ ಮುಂದೆ ಇದನ್ನ ಎತ್ತಬೇಡ."

"ಹೇಳಬೇಕು ಅನ್ಸುತ್ತೆ."

"ನಿಂಗೆ ಅನ್ಸುತ್ತೆ. ಹೇಳಿ ನೀನು ಸಂಜೆ ಬಸ್ಸಿಗೆ ಮಡಿಕೇರಿಗೆ ಹೋಗ್ತೀಯ. ಅದನ್ನ ಇಟ್ಕಂಡು ಇಲ್ಲಿ ಕೂರೋದು ಯಾರು?"

 ನಾಗಾರ್ಜುನನಿಗೆ ಹಗುರವಾಯಿತು, ಮತ್ತು ಹಗುರವಾದದ್ದಕ್ಕೆ ನಾಚಿಕೆಯಾಯಿತು. ಅವ್ವನಿಗೆ ಹೇಳಬಾರದು ಎಂಬುದು ವೀಣಾಳಿಗೆ ಹೇಳಬಾರದು ಎಂಬುದಕ್ಕೆ ಕಾರಣವಾಗುವುದಿಲ್ಲ. ಸೋಮವಾರಪೇಟೆಯ ಮುದುಕಿಗೂ ಸಮುದ್ರದ ಪಕ್ಕದ ಲ್ಯಾಬಿಗೂ ಏನು ಸಂಬಂಧ? ಆದರೂ ಕಾರಣವೊಂದು ಸಿಕ್ಕಂತೆ ಅವನು ಅದನ್ನು ಹಿಡಿದುಕೊಂಡ.

ಆಗಲೇ ಫೋನ್ ಬಂತು. ಮೂರೂ ಇಪ್ಪತ್ತು.

"ಸಾರ್, ಮೇಲ್ ಬಂದಿಲ್ಲ."

"ನನಗೆ ಸರಿಯಾಗಿ ನೆನಪಾಗ್ತಾ ಇಲ್ಲಮ್ಮ."

ಅವಳು ಲ್ಯಾಬಿನ ಫೋನಿನಿಂದಲೇ ಮಾಡಿದ್ದಳು. ಅವಳ ಹಿಂದೆ ಯಾವುದೋ ಪಂಪಿನ ಸದ್ದು. ಅವನಿಗೆ ಆ ಪಂಪು ಗೊತ್ತಿತ್ತು.

"ನೆನಪಿಲ್ಲ ಅಂತಲಾದರೂ ಬರೆದುಕೊಡಿ ಸಾರ್. ಲಾಗ್‌ಬುಕ್ ಸರಿ ಅನ್ನೋದಕ್ಕಿಂತ ಅದು ವಾಸಿ."

"ಹತ್ತು ನಿಮಿಷ ಕೊಡು."

"ನಿಮಗೆ ಅವತ್ತು ಏನಾದರೂ ತೊಂದರೆ ಆಗಿತ್ತಾ ಸಾರ್?" ಎಂದು ಕೇಳಿದಳು. ಬರೀ ಕುತೂಹಲದಿಂದಲ್ಲ, ಕನಿಕರದಿಂದ. ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.  "ಏನೂ ಇಲ್ಲ. ಸಾಧಾರಣ ದಿನ" ಎಂದು ಫೋನನ್ನು ಪ್ಯಾಂಟಿನ ಬಲಜೇಬಿಗೆ ತುರುಕಿದ.

ಗದ್ದುಗೆ ಮುಗಿದಂತೆಯೇ ಇತ್ತು. ಸೊಂಟದೆತ್ತರಕ್ಕೆ ಚೌಕಾಕಾರವಾಗಿ ಕಟ್ಟಿ, ಮೇಲೆ ಚಪ್ಪಡಿ ಹಾಸಿ, ಪುಟ್ಟದೊಂದು ನಂದಿಯನ್ನು ಕೂರಿಸಿದ್ದರು. ಗಾರೆ ಕೆಲಸದ ಜಯಪ್ಪ ಬಾಣಲೆಯಲ್ಲಿ ಸಿಮೆಂಟು ಕಲಸುತ್ತಿದ್ದ. ಅವ್ವ ಕೊಡೆಯ ನೆರಳಿನಲ್ಲಿ ಕೂತಿದ್ದಳು. ಎದುರು ಗೋಡೆಯ ಬುಡದಲ್ಲಿ ಒಂದು ಕಲ್ಲನ್ನು ಕೂರಿಸದೆ ಬಿಟ್ಟಿದ್ದರು. ಅಲ್ಲಿ ತೋಳು ಹೋಗುವಷ್ಟು ಕಂಡಿ, ಒಳಗೆ ಕತ್ತಲೆ.

"ಇದು ನಿಂದು" ಎಂದ ರೇವಣ್ಣ.

"ಏನು?"

"ಮಣ್ಣು ಕೊಡೋ ಹೊತ್ತಿಗೆ ಇಲ್ದಿರೋ ಮಗನಿಗೆ ಜಾಗ ಬಿಟ್ಟು ಕಟ್ಟೋದು ನಮ್ಮನೆ ಪದ್ಧತಿ. ತಾತನಿಗೆ ಮಣ್ಣಾದಾಗ ಚಿಕ್ಕಪ್ಪ ಮಿಲಿಟರಿಯಲ್ಲಿದ್ರು. ಬಂದ್ಮೇಲೆ ಹಿಂಗೇ ಒಳಗೆ ಕೈಹಾಕಿ ಒಂದ್ ಹಿಡಿ ಮಣ್ಣು ಬಿಟ್ರು, ಆಮೇಲೆ ಕಂಡಿ ಮುಚ್ಚಿದ್ರು. ಅಲ್ಲಿಗೆ ಅವರೂ ಮಣ್ಣಿಗೆ ಬಂದ ಲೆಕ್ಕ."

"ಯಾಕ್ ಬರ್ಲಿಲ್ಲ ಅಂತ ಚಿಕ್ಕಪ್ಪ ಹೇಳಿದ್ರಾ?"

"ಯಾರೂ ಕೇಳಲ್ಲ. ಅದಕ್ಕೇ ಇರೋದು ಅದು." ರೇವಣ್ಣ ಅವನ ಮುಖ ನೋಡಲಿಲ್ಲ.

ಜಯಪ್ಪ ಪಕ್ಕದ ಗಿಡದ ಬುಡದಿಂದ ಮಣ್ಣು ಬಗೆದು ಕೊಟ್ಟ. ನಾಗಾರ್ಜುನ ಚಪ್ಪಲಿ ಬಿಟ್ಟು, ಮೊಣಕಾಲೂರಿ, ಬಲಗೈಯಲ್ಲಿ ಮಣ್ಣು ಹಿಡಿದು ಕಂಡಿಯೊಳಗೆ ತೂರಿಸಿದ. ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು, ತೋಳಿನ ಅರ್ಧವೂ ಹೋಯಿತು. ಕೆನ್ನೆ ಕಲ್ಲಿಗೆ ತಾಗಿತು. ಬಿಸಿಲಿಗೆ ಕಾದ ಕಲ್ಲು. ಒಳಗಿನ ಗಾಳಿ ಮಾತ್ರ ತಣ್ಣಗಿತ್ತು. ಎಲ್ಲಿಯೂ ಏನೂ ತಗುಲಲಿಲ್ಲ.

ಹಿಡಿ ಬಿಚ್ಚಿದರೆ ಮುಗಿಯಿತು. ಅಪ್ಪ ಈ ಕಲ್ಲಿನ ಕೆಳಗೆ ಕೂತಿದ್ದಾರೆ, ಅಂಗೈಯಲ್ಲಿ ಲಿಂಗ ಹಿಡಿದು, ಕೂರಿಸಿದಂತೆಯೇ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಅಪ್ಪನನ್ನು ನೆನೆದ. ಬಾಳೆಲೆಯ ಅಂಚನ್ನು ಮಡಿಸಿ ಅನ್ನ ಕೂಡಿಸುತ್ತಿದ್ದ ಬೆರಳುಗಳು ನೆನಪಾದವು. ಮುಖ ನೆನಪಾಗಲಿಲ್ಲ. ಅಪ್ಪಾ ಎಂದು ಕರೆಯಬೇಕೆನಿಸಿತು. ಕರೆದರೆ ಎಲ್ಲರಿಗೂ ಕೇಳುತ್ತದೆ.

ಬಲಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ನಾಲ್ಕಕ್ಕೆ ಇನ್ನು ಕೆಲವೇ ನಿಮಿಷ ಇರಬೇಕು. ಅದನ್ನು ತೆಗೆಯಲು ಬಲಗೈ ಬೇಕು. ಎಡಗೈಯನ್ನು ಬೆನ್ನಿನಿಂದ ಸುತ್ತಿ ಚಾಚಿದ. ಜೇಬಿನ ಅಂಚಿಗೆ ಬೆರಳು ಮುಟ್ಟಿತು, ಒಳಗೆ ಇಳಿಯಲಿಲ್ಲ.

"ಹಾಕಿದ್ಯಾ?" ಎಂದ ರೇವಣ್ಣ.

"ಹಾಕಿದೆ" ಎಂದ ನಾಗಾರ್ಜುನ.

ಅವ್ವ ಕೊಡೆಯನ್ನು ನೆಲಕ್ಕಿಟ್ಟು ಎರಡೂ ಕೈ ಜೋಡಿಸಿದಳು. "ಸದ್ಯ" ಎಂದಳು. ಅವಳ ಮುಖ ಸಡಿಲವಾಗಿ, ಒಮ್ಮೆಲೇ ವಯಸ್ಸಾದಂತೆ ಕಂಡಿತು. ಫೋನ್ ಹೊಡೆದುಕೊಂಡು ನಿಂತಿತು. ಮತ್ತೆ ಹೊಡೆದುಕೊಳ್ಳಲಿಲ್ಲ.

ಜಯಪ್ಪ ಅಳತೆಗೆ ಕಡಿದಿಟ್ಟಿದ್ದ ಕಲ್ಲಿಗೆ ಗಾರೆ ಮೆತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತ. ಭಾರಕ್ಕೆ ಅವನ ತೋಳುಗಳು ನಡುಗುತ್ತಿದ್ದವು.

"ಕೈ ತೆಗೀರಿ ಮೇಷ್ಟ್ರೇ" ಎಂದ. "ಗಾರೆ ಬಿಗೀತದೆ."

ಕತ್ತಲೆಯಲ್ಲಿ, ಯಾರೂ ನೋಡದ ಕಡೆ, ಹಿಡಿ ಮುಚ್ಚಿಯೇ ಇತ್ತು. ನಾಗಾರ್ಜುನ ಬಿಚ್ಚಲು ನೋಡಿದ. ಬೆರಳುಗಳು ಕೇಳಲಿಲ್ಲ.